ಗಾಡಿ ಕೊಳ್ಳುವ ಮುಂಚೆ ದಾರಿ ಅಳೆಯಿರಿ

ರೋಣ, ನರಗುಂದ, ಗಜೇಂದ್ರಗಡ: ಮೂರು ಊರಿನ ಓಡಾಟ ಮೂರು ಥರ. ಇಂದಿನ ಡೀಸೆಲ್ ಕಾರು ಯಾರಿಗೆ ಹೊಂದುತ್ತದೆ?

ಹೊಸ ಗಾಡಿ ಮನೆ ಮುಂದೆ ಬಂದು ನಿಂತು, ಬಾನೆಟ್ಟಿನ ಮೇಲೆ ಹಾರ ಬಿದ್ದು, ಚಕ್ರದ ಕೆಳಗಿನ ನಿಂಬೆಹಣ್ಣು ಚಪ್ಪಟೆಯಾಗುವಷ್ಟರಲ್ಲಿ ಓಣಿಯ ಹಿರಿಯರೊಬ್ಬರು ಕೇಳಿಯೇ ಬಿಡುತ್ತಾರೆ: "ಅವರೇಜ್ ಎಷ್ಟ್ ಕೊಡ್ತೈತಿ ತಮ್ಮಾ?" ರೋಣವಾಗಲಿ, ನರಗುಂದವಾಗಲಿ, ಗಜೇಂದ್ರಗಡವಾಗಲಿ, ಪ್ರಶ್ನೆ ಇದೇ. ಬಹಳ ವರ್ಷ ನಮ್ಮಲ್ಲಿ ಇದಕ್ಕೆ ಒಂದೇ ಉತ್ತರವಿತ್ತು: ಡೀಸೆಲ್ ತಗೊಳ್ಳಿ, ಕಣ್ಣು ಮುಚ್ಚಿ ತಗೊಳ್ಳಿ. ಆ ಉತ್ತರ ಈಗ ಅರ್ಧ ಮಾತ್ರ ನಿಜ. ಉಳಿದರ್ಧ ಗೊತ್ತಿಲ್ಲದೆ ಸಾಲ ಮಾಡಿ ಗಾಡಿ ತಂದು, ವರ್ಷ ತುಂಬುವುದರೊಳಗೆ ಗ್ಯಾರೇಜಿನ ಮುಂದೆ ಕೂತವರನ್ನು ನೋಡಿದ್ದೇನೆ. ನಾನೂ ಹಾಗೆ ಕೂತವನೇ. ಅದಕ್ಕೇ ಈ ಬರಹ.

ಹೊಲ ಕಲಿಸಿದ ನಂಬಿಕೆ

ನಮ್ಮ ಭಾಗದವರಿಗೆ ಡೀಸೆಲ್ ಮೇಲೆ ನಂಬಿಕೆ ಹುಟ್ಟಿಸಿದ್ದು ಹಳ್ಳದ ದಂಡೆಯಲ್ಲಿ ದಿನವಿಡೀ ಟಕ್ ಟಕ್ ಎನ್ನುತ್ತ ನೀರೆತ್ತುತ್ತಿದ್ದ ಪಂಪಿನ ಇಂಜಿನ್ನು. ಅದರ ಮೈಮೇಲಿನ ಹೆಸರಿಗೂ ನಮಗೂ ನಂಟಿದೆ. ಕಿರ್ಲೋಸ್ಕರ್ ಉದ್ಯಮದ ಮೂಲಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ನರಗುಂದದವರಿಗೆ ಅದು ನೆರೆಹೊರೆಯ ಊರೇ. ಆ ಮನೆತನದ ಆಯಿಲ್ ಇಂಜಿನ್ ಕಂಪನಿ 1946ರಲ್ಲಿ ಪುಣೆಯಲ್ಲಿ ಶುರುವಾಯಿತು. ಪಂಪಿನ ಹಿಂದೆ ಟ್ರ್ಯಾಕ್ಟರ್ ಬಂತು, ಸಂತೆಗೆ ಜನ ಹೇರಿಕೊಂಡು ಹೋಗುವ ಟ್ರ್ಯಾಕ್ಸ್, ಟಂಟಂ ಬಂದವು. 1998ರ ಕೊನೆಗೆ ಟಾಟಾ ಇಂಡಿಕಾ ಬಂದಾಗ ಮನೆಯ ಕಾರಿಗೂ ಡೀಸೆಲ್ ಸೇರಿತು. 2000ದಲ್ಲಿ ಬೊಲೆರೊ, 2007ರಲ್ಲಿ ಡೀಸೆಲ್ ಸ್ವಿಫ್ಟ್. ಸ್ವಿಫ್ಟಿನಲ್ಲಿದ್ದ ಫಿಯಟ್ ಮೂಲದ 1,248 ಸಿಸಿ ಇಂಜಿನ್ ಎಷ್ಟು ಕಂಪನಿಗಳ ಗಾಡಿಗಳಲ್ಲಿ ಕೂತಿತೆಂದರೆ, ಊರಿಗೊಬ್ಬ ಮಿಸ್ತ್ರಿ ಅದನ್ನು ಕಣ್ಣು ಕಟ್ಟಿ ಬಿಚ್ಚಬಲ್ಲವನಾಗಿದ್ದ.

ಆಗ ಲೆಕ್ಕವೂ ಸುಲಭವಿತ್ತು. 2012ರ ಸುಮಾರಿಗೆ ಪೆಟ್ರೋಲಿಗೂ ಡೀಸೆಲ್ಲಿಗೂ ಲೀಟರಿಗೆ 25ರಿಂದ 30 ರೂಪಾಯಿ ಅಂತರ. ದೇಶದಲ್ಲಿ ಮಾರಾಟವಾಗುತ್ತಿದ್ದ ಕಾರುಗಳಲ್ಲಿ ಅರ್ಧಕ್ಕೂ ಹೆಚ್ಚು ಡೀಸೆಲ್ ಇದ್ದವು. 2014ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಡೀಸೆಲ್ ಬೆಲೆಯ ಮೇಲಿನ ಹಿಡಿತ ಬಿಟ್ಟಿತು, ಅಂತರ ಕರಗುತ್ತ ಬಂತು. 2020ರ ಏಪ್ರಿಲ್ 1ರಂದು ಬಿಎಸ್-6 ಎಂಬ ಹೊಗೆ ನಿಯಮ ಜಾರಿಗೆ ಬಂದಾಗ ಮಾರುತಿ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿತು. ಈಗ ಹೊಸ ಕಾರುಗಳಲ್ಲಿ ಡೀಸೆಲ್ ಪಾಲು ಐದರಲ್ಲೊಂದರ ಆಸುಪಾಸು. ಬೆಲೆಯ ಜತೆಗೆ ಗಾಡಿಯ ಒಳಗೂ ಬಹಳ ಬದಲಾಗಿದೆ. ನಮ್ಮ ಹಳೆಯ ನಂಬಿಕೆ ಎಡವುವುದು ಅಲ್ಲೇ.

ಹೊಗೆಯ ದಾರಿಯಲ್ಲೊಂದು ಜೇನುಗೂಡು

ಪೆಟ್ರೋಲ್ ಇಂಜಿನ್ನಿನಲ್ಲಿ ಕಿಡಿ ಹಚ್ಚುವುದು ಪ್ಲಗ್ಗು. ಡೀಸೆಲ್ಲಿಗೆ ಕಿಡಿ ಬೇಡ. ಗಾಳಿಯನ್ನು ಹದಿನಾರು ಪಾಲಿನಷ್ಟು ಹಿಂಡಿದರೆ ಅದು 500 ಡಿಗ್ರಿಗೂ ಮೇಲೆ ಕಾಯುತ್ತದೆ. ಆ ಕಾವಿಗೆ ಡೀಸೆಲ್ ಬಿದ್ದೊಡನೆ ತಾನೇ ಹೊತ್ತಿಕೊಳ್ಳುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಓಡಿಸಿ ತೋರಿಸಿದ ಇಂಜಿನ್ನಿನ ತತ್ವ ಇಂದಿಗೂ ಅದೇ. ಹೀಗೆ ಉರಿಯುವುದರಿಂದ ಕಾವು ಪೋಲಾಗುವುದು ಕಡಿಮೆ. ಮೇಲಾಗಿ ಒಂದು ಲೀಟರ್ ಡೀಸೆಲ್ಲಿನಲ್ಲಿ ಅಷ್ಟೇ ಪೆಟ್ರೋಲಿಗಿಂತ ಶೇ. 10ಕ್ಕೂ ಹೆಚ್ಚು ಶಕ್ತಿ ಇದೆ. ಅವರೇಜ್ ಜಾಸ್ತಿ ಬರುವುದು ಇವೆರಡರಿಂದ.

ಆದರೆ ಈ ಉರಿಯ ಜತೆ ಮಸಿ ಹುಟ್ಟುತ್ತದೆ. ಹಳೆಯ ಟ್ರ್ಯಾಕ್ಸ್ ಏರಿನಲ್ಲಿ ಬಿಡುತ್ತಿದ್ದ ಕರಿ ಹೊಗೆ ಅದೇ. ಅದರ ಸಣ್ಣ ಕಣಗಳು ಪುಪ್ಪುಸದ ಆಳಕ್ಕೆ ಇಳಿಯುತ್ತವೆ. ಇದನ್ನು ತಡೆಯಲು ಬಿಎಸ್-6 ಕಾರಿನ ಸೈಲೆನ್ಸರ್ ದಾರಿಯಲ್ಲಿ ಜೇನುಗೂಡಿನಂಥ ಒಂದು ಸೋಸುಕವನ್ನು ಕೂರಿಸಿದ್ದಾರೆ. ಗ್ಯಾರೇಜಿನ ಮಾತಿನಲ್ಲಿ ಡಿಪಿಎಫ್. ಡೀಸೆಲ್ಲಿನಲ್ಲಿ ಗಂಧಕ ಹೆಚ್ಚಿದ್ದರೆ ಈ ವ್ಯವಸ್ಥೆ ನಡೆಯುವುದಿಲ್ಲ. ಅದಕ್ಕಾಗಿಯೇ ಗಂಧಕದ ಮಿತಿಯನ್ನು 50 ಪಿಪಿಎಂನಿಂದ 10ಕ್ಕೆ ಇಳಿಸಿದರು.

ಸೋಸುಕದಲ್ಲಿ ಮಸಿ ಸೇರುತ್ತ ಹೋಗುತ್ತದೆ. ತುಂಬಿದಾಗ ಗಾಡಿ ತಾನೇ ಒಂದಿಷ್ಟು ಡೀಸೆಲ್ ಹೆಚ್ಚಿಗೆ ಸಿಂಪಡಿಸಿ, ಒಳಗನ್ನು 600 ಡಿಗ್ರಿಯಷ್ಟು ಕಾಯಿಸಿ, ಮಸಿಯನ್ನು ಸುಟ್ಟುಬಿಡುತ್ತದೆ. ಅದಕ್ಕೆ ಬೇಕಾದದ್ದು ಹದಿನೈದಿಪ್ಪತ್ತು ನಿಮಿಷದ ಒಂದೇ ಸಮನೆಯ ಓಟ. ಮನೆಯಿಂದ ಬಜಾರು, ಬಜಾರಿನಿಂದ ಸಾಲಿ, ಸಾಲಿಯಿಂದ ಮನೆ ಎಂದು ಎರಡೆರಡು ಕಿಲೋಮೀಟರು ಓಡಿಸಿ ಆರಿಸಿದರೆ ಆ ಕಾವು ಏರುವುದೇ ಇಲ್ಲ. ಸುಡಲು ಶುರು ಮಾಡಿದ್ದು ಅರ್ಧಕ್ಕೆ ನಿಲ್ಲುತ್ತದೆ, ಮಸಿ ಉಳಿಯುತ್ತದೆ.

ಹಳದಿ ಲೈಟು

ನನಗೆ ಆದದ್ದು ಇದೇ. ರೋಣದಲ್ಲಿ ಮನೆ, ಊರಿಗೆ ಹತ್ತಿದ ಹೊಲ. ಡೀಸೆಲ್ ಗಾಡಿ ತಂದ ಎಂಟನೆಯ ತಿಂಗಳು ಮೀಟರಿನಲ್ಲಿ ಹಳದಿ ಲೈಟು ಹತ್ತಿತು: ಒಂದು ಡಬ್ಬಿ, ಅದರೊಳಗೆ ಚುಕ್ಕಿಗಳು. ಪಿಕಪ್ ಇಳಿಯಿತು. ಶಹರಿನ ವರ್ಕ್‌ಶಾಪೊಂದರಲ್ಲಿ ತೋರಿಸಿದರೆ ಆ ಭಾಗವನ್ನೇ ಬದಲಿಸಬೇಕಾದೀತು ಎಂದು ಲಕ್ಷದ ಮಾತಾಡಿದರು. ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ನಮ್ಮೂರ ಮಿಸ್ತ್ರಿ ಸ್ಕ್ಯಾನರ್ ಹಚ್ಚಿ ನೋಡಿ, ಕೈ ಒರೆಸಿಕೊಳ್ಳುತ್ತ ಹೇಳಿದ: "ಸರ, ಗಾಡಿಗೆ ಏನೂ ಆಗಿಲ್ರೀ. ಅದಕ್ಕ ಓಡಾಕ ಸಿಕ್ಕಿಲ್ಲ, ಅಷ್ಟ. ನಾಳಿ ನಸುಕಿನ್ಯಾಗ ಹೈವೇಕ್ಕ ಒಯ್ರಿ."

ಒಯ್ದೆ. ನರಗುಂದ ಮುಟ್ಟಿ, ಹುಬ್ಬಳ್ಳಿ–ವಿಜಯಪುರ ಹೆದ್ದಾರಿ ಹಿಡಿದು ಉತ್ತರಕ್ಕೆ ತಿರುಗಿದೆ. ಅವನು ಹೇಳಿದಂತೆ ಒಂದು ಗೇರು ಕೆಳಗಿಟ್ಟು, ಇಂಜಿನ್ ತಿರುಗುವ ಮುಳ್ಳು 2,000 ದಾಟಿರುವಂತೆ ನೋಡಿಕೊಂಡು, ಎಪ್ಪತ್ತರ ವೇಗದಲ್ಲಿ ಹೊರಟೆ. ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ಇಂಜಿನ್ನಿನ ದನಿ ಒಂಚೂರು ದಪ್ಪವಾಯಿತು. ಪರದೆಯ ಮೇಲಿನ ಅವರೇಜ್ ಅಂಕಿ ಸರಸರನೆ ಇಳಿಯಿತು. ಕೊಣ್ಣೂರಿನ ಬಳಿ ಮಲಪ್ರಭೆಯ ಸೇತುವೆ ದಾಟಿದ ಮೇಲೆ ಲೈಟು ಆರಿತು. ದಂಡೆಗೆ ನಿಲ್ಲಿಸಿ ಇಳಿದರೆ ಫ್ಯಾನು ಭರ್ರೆಂದು ತಿರುಗುತ್ತಿತ್ತು, ಗಾಡಿಯ ಕೆಳಗಿನಿಂದ ಕಾದ ಹಂಚಿನ ಮೇಲಿನಂಥ ಝಳ ಬರುತ್ತಿತ್ತು. ಒಂದು ರೂಪಾಯಿಯ ಬಿಡಿಭಾಗವಿಲ್ಲದೆ ಗಾಡಿ ಹುಷಾರಾಗಿತ್ತು. ಕಾಯಿಲೆ ಇದ್ದದ್ದು ನನ್ನ ಆಯ್ಕೆಯಲ್ಲಿ.

ಹಾಗೆಂದು ಎಲ್ಲ ಲೈಟೂ ಹೀಗೆ ಆರುವುದಿಲ್ಲ. ಹಳದಿ ಹತ್ತಿದಾಗಲೇ ಓಡಿಸಬೇಕು. ಅದನ್ನು ನಿರ್ಲಕ್ಷಿಸಿ ಇಂಜಿನ್ ಲೈಟೂ ಹತ್ತಿ, ಗಾಡಿ ತಾನೇ ವೇಗ ಕಟ್ಟಿಕೊಂಡರೆ ವರ್ಕ್‌ಶಾಪೇ ಗತಿ.

ಯೂರಿಯಾ ಬೇರೆ, ಯೂರಿಯಾ ಬೇರೆ

ಎರಡನೆಯ ಹೊಸ ಸಂಗತಿ ರೈತರಿಗೆ ಅರ್ಧ ಪರಿಚಿತ. ಕೆಲವು ಡೀಸೆಲ್ ಕಾರುಗಳಲ್ಲಿ ಡೀಸೆಲ್ ಟ್ಯಾಂಕಿನ ಜತೆ ಇನ್ನೊಂದು ಸಣ್ಣ ಟ್ಯಾಂಕು ಇರುತ್ತದೆ, ಸಾಮಾನ್ಯವಾಗಿ ನೀಲಿ ಮುಚ್ಚಳದ್ದು. ಮಹೀಂದ್ರ ಎಕ್ಸ್‌ಯುವಿ 700 ಡೀಸೆಲ್ ಇದಕ್ಕೊಂದು ಉದಾಹರಣೆ. ಅದಕ್ಕೆ ತುಂಬುವುದು ಡಿಇಎಫ್: ಶೇ. 32.5 ಶುದ್ಧ ಯೂರಿಯಾ, ಉಳಿದದ್ದು ಲವಣ ತೆಗೆದ ನೀರು. ಇದು ಬಿಸಿ ಹೊಗೆಯಲ್ಲಿ ಅಮೋನಿಯಾ ಆಗಿ, ವಿಷದ ನೈಟ್ರೋಜನ್ ಆಕ್ಸೈಡುಗಳನ್ನು ನೈಟ್ರೋಜನ್ ಮತ್ತು ನೀರಾವಿಯಾಗಿ ಮಾರ್ಪಡಿಸುತ್ತದೆ. ಟ್ಯಾಂಕು ಬರಿದಾಗುವ ಮುಂಚೆ ಗಾಡಿ ಹಲವು ಸಲ ಎಚ್ಚರಿಸುತ್ತದೆ; ಪೂರ್ತಿ ಬರಿದಾದ ಮೇಲೆ ಆರಿಸಿದರೆ ಮತ್ತೆ ಚಾಲೂ ಆಗುವುದಿಲ್ಲ.

"ಮನ್ಯಾಗ ಚೀಲ ಐತಲ್ಲ, ಕರಗಿಸಿ ಹಾಕಿದ್ರ ಹೆಂಗ ಕಾಕಾ?" ಎಂದು ಹುಡುಗನೊಬ್ಬ ನನ್ನನ್ನು ಕೇಳಿದ್ದ. ಬೇಡವೇ ಬೇಡ. 2015ರಿಂದ ಹೊಲದ ಯೂರಿಯಾ ಪೂರ್ತಿ ಬೇವಿನ ಎಣ್ಣೆ ಲೇಪಿಸಿದ್ದು. ಬೆಳೆಗೆ ನಿಧಾನವಾಗಿ ಸಿಗಲಿ, ಬೇರೆ ಕೆಲಸಕ್ಕೆ ಸೋರಿ ಹೋಗದಿರಲಿ ಎಂದು. ಆ ಎಣ್ಣೆ, ಆ ಕಲ್ಮಶ, ನಮ್ಮ ಬೋರಿನ ನೀರಿನ ಉಪ್ಪು ಸೇರಿ ಸೂಕ್ಷ್ಮ ಸಿಂಪಡಿಕೆಯ ಬಾಯಿಯನ್ನು ಕಟ್ಟಿಬಿಡುತ್ತವೆ. ರೈತರಿಗೆಂದು ಸಬ್ಸಿಡಿಯಲ್ಲಿ ಬಂದ 45 ಕೆ.ಜಿ. ಚೀಲವನ್ನು ಬೇರೆ ಕೆಲಸಕ್ಕೆ ಬಳಸುವುದು ಅಪರಾಧವೂ ಹೌದು.

ಕೂಡಿ ಕಳೆದು ನೋಡಿದರೆ

2025ರ ಏಪ್ರಿಲಿನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 21.17ಕ್ಕೆ ಏರಿಸಿದ ಮೇಲೆ ಬೆಂಗಳೂರಿನಲ್ಲಿ ಡೀಸೆಲ್ 91 ರೂಪಾಯಿ, ಪೆಟ್ರೋಲ್ 103ರ ಆಸುಪಾಸಿಗೆ ಬಂತು. ಅಂತರ ಹನ್ನೆರಡೇ ರೂಪಾಯಿ. ಈ ದರ ಹಿಡಿದು ಒಂದು ಲೆಕ್ಕ ಹಾಕೋಣ. ಪೆಟ್ರೋಲ್ ಗಾಡಿ ಲೀಟರಿಗೆ 14 ಕಿ.ಮೀ. ಕೊಟ್ಟರೆ ಕಿಲೋಮೀಟರಿಗೆ 7 ರೂಪಾಯಿ 36 ಪೈಸೆ. ಡೀಸೆಲ್ 18 ಕೊಟ್ಟರೆ 5 ರೂಪಾಯಿ 6 ಪೈಸೆ. ಉಳಿತಾಯ 2 ರೂಪಾಯಿ 30 ಪೈಸೆ. ಆಯಿಲ್, ಫಿಲ್ಟರ್, ಸರ್ವಿಸಿನ ಹೆಚ್ಚಿನ ಖರ್ಚಿಗೆ 30 ಪೈಸೆ ತೆಗೆದಿಟ್ಟರೆ ಕೈಯಲ್ಲಿ ಉಳಿಯುವುದು ಎರಡು ರೂಪಾಯಿ.

ಈಗ ಗಾಡಿಯ ಬೆಲೆ. ಒಂದೇ ಮಾದರಿಯಲ್ಲಿ ಡೀಸೆಲ್ ಗಾಡಿ ರಸ್ತೆಗಿಳಿಯುವಷ್ಟರಲ್ಲಿ ಒಂದೂವರೆ ಲಕ್ಷ ಹೆಚ್ಚು ಬಿತ್ತು ಎಂದುಕೊಳ್ಳಿ. ಅದು ಮರಳಿ ಬರಲು 75,000 ಕಿ.ಮೀ. ಓಡಬೇಕು. ದಿನಕ್ಕೆ 80 ಕಿ.ಮೀ. ಓಡುವವರಿಗೆ, ವರ್ಷಕ್ಕೆ ಮುನ್ನೂರು ದಿನ ಹಿಡಿದರೆ, ಸುಮಾರು ಮೂರು ವರ್ಷ ಸಾಕು. ದಿನಕ್ಕೆ 25 ಓಡುವವರಿಗೆ ಹತ್ತು ವರ್ಷ. ನಿಮ್ಮೂರಿನ ದರ, ನಿಮ್ಮ ಗಾಡಿಯ ಅವರೇಜ್ ಹಾಕಿ ಇದೇ ಲೆಕ್ಕ ಮಾಡಿ.

ತೆರಿಗೆಯಲ್ಲಿ ಎರಡು ಸೂಕ್ಷ್ಮಗಳಿವೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1,500 ಸಿಸಿವರೆಗಿನ ಡೀಸೆಲ್ ಕಾರಿಗೆ ಜಿಎಸ್‌ಟಿ ಶೇ. 18, 1,200 ಸಿಸಿವರೆಗಿನ ಸಣ್ಣ ಪೆಟ್ರೋಲ್ ಕಾರಿಗೂ ಅಷ್ಟೇ. ಅಳತೆ ಮೀರಿದರೆ ಶೇ. 40. ನೆಕ್ಸಾನ್, ವೆನ್ಯೂ, ಸೋನೆಟ್, ಬೊಲೆರೊ ನಾಲ್ಕೂ 3,995 ಮಿ.ಮೀ. ಉದ್ದ ಇರುವುದು ಈ ಗೆರೆಯ ಕಾರಣಕ್ಕೆ. ಇನ್ನೊಂದು ನಮ್ಮ ರಾಜ್ಯದ ರಸ್ತೆ ತೆರಿಗೆ. 5 ಲಕ್ಷ ದಾಟಿ 10 ಲಕ್ಷದವರೆಗೆ ಶೇ. 14, ಅದನ್ನು ದಾಟಿದರೆ 20 ಲಕ್ಷದವರೆಗೆ ಶೇ. 17. ಒಂಬತ್ತೂವರೆ ಲಕ್ಷದ ಪೆಟ್ರೋಲ್ ಗಾಡಿಗೆ 1.33 ಲಕ್ಷ ಕಟ್ಟುವವರು ಹತ್ತೂಮುಕ್ಕಾಲು ಲಕ್ಷದ ಡೀಸೆಲ್ಲಿಗೆ 1.83 ಲಕ್ಷ ಕಟ್ಟಬೇಕು. ಷೋರೂಮಿನಲ್ಲಿ ಕಂಡ ಅಂತರಕ್ಕೆ ಮತ್ತೆ ಐವತ್ತು ಸಾವಿರ ಸೇರುವುದು ಹೀಗೆ.

ಕುದುರೆ ಮತ್ತು ಎತ್ತು

ಗಾಡಿಯ ಕಾಗದದಲ್ಲಿ ಎರಡು ಅಂಕಿ ಇರುತ್ತವೆ. ಒಂದು ಅಶ್ವಶಕ್ತಿ, ಇನ್ನೊಂದು ನ್ಯೂಟನ್ ಮೀಟರಿನಲ್ಲಿ ಬರೆದ ಎಳೆತ. ಮೊದಲನೆಯದು ಕುದುರೆಯ ಓಟ, ಎರಡನೆಯದು ಎತ್ತಿನ ಹೆಗಲು. ನೆಕ್ಸಾನ್ ಪೆಟ್ರೋಲಿಗೂ ಡೀಸೆಲ್ಲಿಗೂ ಅಶ್ವಶಕ್ತಿ ಹೆಚ್ಚುಕಡಿಮೆ ಒಂದೇ, 120 ಮತ್ತು 115. ಎಳೆತ ಮಾತ್ರ 170 ಎಲ್ಲಿ, 260 ಎಲ್ಲಿ! ಅದೂ ಇಂಜಿನ್ 1,500 ಸುತ್ತು ತಿರುಗುವಾಗಲೇ ಸಿಗುತ್ತದೆ. ಐದು ಜನ, ಹಿಂದೆ ಎರಡು ಚೀಲ ಕಡಲೆ ಹೇರಿಕೊಂಡು ಏರು ಹತ್ತುವಾಗ, ಮಳೆಗಾಲದಲ್ಲಿ ಎರಿ ಹೊಲದ ದಾರಿಯಿಂದ ಹೊರಬರುವಾಗ ಆ ಹೆಗಲು ಏನೆಂದು ಗೊತ್ತಾಗುತ್ತದೆ.

ಸಣ್ಣ ಗಾಡಿಗಳಲ್ಲಿ ಡೀಸೆಲ್ ಉಳಿಸಿಕೊಂಡಿರುವುದು ಟಾಟಾ ಆಲ್ಟ್ರೋಜ್, 90 ಅಶ್ವಶಕ್ತಿ, 200 ಎಳೆತ. ಹ್ಯುಂಡೈ ವೆನ್ಯೂ, ಕಿಯಾ ಸೋನೆಟ್ ಒಂದೇ 1.5 ಲೀಟರ್ ಇಂಜಿನ್ನಿನವು, 116 ಮತ್ತು 250. ಕ್ರೆಟಾ, ಸೆಲ್ಟೋಸ್‌ಗಳಲ್ಲೂ ಇದೇ ಮನೆತನದ ಇಂಜಿನ್. ಓಟ ನಯ, ಸದ್ದು ಕಡಿಮೆ. ಮಹೀಂದ್ರ ಎಕ್ಸ್‌ಯುವಿ 3ಎಕ್ಸ್‌ಒ ಇವುಗಳಲ್ಲಿ ಎಲ್ಲಕ್ಕಿಂತ ಬಲಶಾಲಿ, ಎಳೆತ 300. ಬೊಲೆರೊದ ಅಂಕಿ ಸಣ್ಣವು, 76 ಮತ್ತು 210. ಆದರೂ ಲಾರಿಯಂತೆ ಚಾಸಿಯ ಮೇಲೆ ಕೂರಿಸಿದ ಮೈ, ಹಿಂದಿನ ಚಕ್ರದ ಎಳೆತ, ಊರೂರಲ್ಲಿ ಸಿಗುವ ಬಿಡಿಭಾಗ ಅದನ್ನು ಹಳ್ಳಿಯ ದಾರಿಯಲ್ಲಿ ಇನ್ನೂ ನಿಲ್ಲಿಸಿವೆ. ಹೆದ್ದಾರಿಯಲ್ಲಿ ಅದರ ಕುಲುಕಾಟ ಹೆಚ್ಚು. ವೆನ್ಯೂ ಹತ್ತಿ ಇಳಿದವರಿಗೆ ಸೊಂಟವೇ ಹೇಳುತ್ತದೆ. ದೊಡ್ಡ ಕುಟುಂಬ, ದೂರದ ದಾರಿ ಎಂದರೆ ಇನ್ನೋವಾ ಕ್ರಿಸ್ಟಾ, 2.4 ಲೀಟರ್ ಡೀಸೆಲ್; ಬೆಲೆಯೂ ಅದರ ಗಾತ್ರಕ್ಕೆ ತಕ್ಕದ್ದೇ.

ಪೆಟ್ರೋಲ್ ಕಡೆಯ ಒಂದು ಮಾತನ್ನೂ ತೂಗಬೇಕು. ಈಗ ಬಂಕಿನ ಪೆಟ್ರೋಲಿನಲ್ಲಿ ಶೇ. 20 ಇಥೆನಾಲ್ ಬೆರೆಸಿರುತ್ತಾರೆ. ನಮ್ಮಲ್ಲಿ ಬೆಳೆಯುವ ಗೋವಿನಜೋಳದಿಂದಲೂ ಅದನ್ನು ಮಾಡುತ್ತಾರೆ. ಇಥೆನಾಲಿನಲ್ಲಿ ಪೆಟ್ರೋಲಿಗಿಂತ ಮೂರನೆಯ ಒಂದು ಭಾಗದಷ್ಟು ಶಕ್ತಿ ಕಡಿಮೆ, ಹಾಗಾಗಿ ಅವರೇಜ್ ಒಂಚೂರು ಇಳಿಯುತ್ತದೆ. ಇನ್ನು, ಹತ್ತು ವರ್ಷಕ್ಕೆ ಡೀಸೆಲ್ ಗಾಡಿ ಗುಜರಿಗೆ ಎಂಬ ಮಾತು ನಮ್ಮ ಕಡೆ ಗಾಳಿಯಲ್ಲಿದೆ. ಆ ಕಟ್ಟುಪಾಡು ಬಂದದ್ದು ದಿಲ್ಲಿ ಸುತ್ತಲಿನ ಪ್ರದೇಶಕ್ಕೆ. ಇಲ್ಲಿ ನೋಂದಣಿ 15 ವರ್ಷ, ಆಮೇಲೆ ತಪಾಸಣೆ ಮಾಡಿಸಿ ನವೀಕರಿಸಬಹುದು.

ಮೂರು ಊರು, ಮೂರು ಉತ್ತರ

ನರಗುಂದದಿಂದ ಹುಬ್ಬಳ್ಳಿ ಸುಮಾರು 55 ಕಿ.ಮೀ. ಗುಡ್ಡ ಬೆನ್ನಿಗೆ ಬಿಟ್ಟು ಹೆದ್ದಾರಿ ಹಿಡಿದರೆ ಇಂಜಿನ್ ಒಂದೇ ಹದದಲ್ಲಿ ಒಂದು ತಾಸು ಓಡುತ್ತದೆ. ನೌಕರಿ, ಎಪಿಎಂಸಿ, ಆಸ್ಪತ್ರೆ ಎಂದು ದಿನವೂ ಹೋಗಿಬರುವವರಿಗೆ ಡೀಸೆಲ್ ಹೇಳಿ ಮಾಡಿಸಿದ ಗಾಡಿ. ಅವರ ಸೋಸುಕ ಅವರಿಗೆ ಗೊತ್ತಿಲ್ಲದೆಯೇ ಸುಟ್ಟು ಚೊಕ್ಕವಾಗಿರುತ್ತದೆ.

ಗಜೇಂದ್ರಗಡದಲ್ಲಿ ಎರಡು ಥರದವರಿದ್ದಾರೆ. ಗುಡ್ಡದ ಮೇಲಿನ ಗಾಳಿಯಂತ್ರಗಳ ಕೆಲಸಕ್ಕೆ, ನರೇಗಲ್ ಮೇಲೆ ಗದಗಿಗೆ, ಕುಷ್ಟಗಿ ಕಡೆಗೆ ನಿತ್ಯ ಓಡಾಡುವವರಿಗೆ ಡೀಸೆಲ್ಲಿನ ಹೆಗಲು ಬೇಕು. ಅಂಗಡಿಯಿಂದ ಮನೆಗೆ, ಮನೆಯಿಂದ ಬಜಾರಿಗೆ ಓಡಾಡಿ, ಅಮಾವಾಸ್ಯೆಗೊಮ್ಮೆ ಕಾಲಕಾಲೇಶ್ವರ ಗುಡಿಗೆ ಹೋಗಿಬರುವ ವ್ಯಾಪಾರಸ್ಥರಿಗೆ ಪೆಟ್ರೋಲ್ ಗಾಡಿಯೇ ಲೇಸು.

ರೋಣ ನಡುವಿನದು. ಗದಗ 38 ಕಿ.ಮೀ., ಗಜೇಂದ್ರಗಡ 30ರ ಆಸುಪಾಸು. ವಾರಕ್ಕೆರಡು ಸಲವಾದರೂ ಗದಗಿಗೆ ಹೋಗುವವರು ಡೀಸೆಲ್ ಸಾಕಬಹುದು. ನನ್ನ ಹಾಗೆ ಊರು-ಹೊಲದಲ್ಲೇ ಸುತ್ತುವವರು ಡೀಸೆಲ್ ತಂದರೆ ವಾರಕ್ಕೊಮ್ಮೆ ಅದನ್ನು ಬೇಕೆಂದೇ ದೂರ ಒಯ್ಯಬೇಕು. ರೋಣದ ನಂಟಿನ ಗಾಯಕ ಭೀಮಸೇನ ಜೋಶಿಯವರು ಸಂಗೀತ ಕಚೇರಿಯಿಂದ ಕಚೇರಿಗೆ ನೂರಾರು ಮೈಲಿ ತಾವೇ ಕಾರು ಓಡಿಸುತ್ತಿದ್ದರು, ಯಂತ್ರದ ಒಳಮರ್ಮವನ್ನೂ ಬಲ್ಲವರಾಗಿದ್ದರು. ಅಂಥ ಓಟ ಇದ್ದವರ ಮನೆಯಲ್ಲಿ ಡೀಸೆಲ್ ಸುಖವಾಗಿರುತ್ತದೆ.

ಎರಿ ಮಣ್ಣಿನ ಆರೈಕೆ

ಕೊಂಡ ಮೇಲೆ ಮೂರು ರೂಢಿ ಬಿಡಬೇಕು, ಮೂರು ಹಿಡಿಯಬೇಕು. ಟ್ರ್ಯಾಕ್ಟರಿಗೆಂದು ಮನೆಯಲ್ಲಿಟ್ಟ ಬ್ಯಾರಲ್ ಡೀಸೆಲ್ಲನ್ನು ಕಾರಿಗೆ ಸುರಿಯಬೇಡಿ. ಟಯರಿನ ಗಾಳಿ 32 ಪಿಎಸ್‌ಐ ಇದ್ದರೆ, ಈ ಇಂಜಿನ್ನಿನ ನೋಜಲ್ಲಿನಲ್ಲಿ ಒತ್ತಡ 20 ಸಾವಿರ ದಾಟುತ್ತದೆ. ಅದರ ತೂತು ಕೂದಲೆಳೆಯಷ್ಟು. ಬ್ಯಾರಲ್ಲಿನ ತಳದ ಒಂದು ಹನಿ ನೀರು, ಒಂದು ಚಿಟಿಕೆ ತುಕ್ಕು ಸಾಕು. ಟ್ರ್ಯಾಕ್ಟರಿನ ಆಯಿಲ್ಲನ್ನು ಕಾರಿಗೆ ಹಾಕಬೇಡಿ. ಅದರ ಬೂದಿ ಸೋಸುಕದಲ್ಲಿ ಕೂತರೆ ಎಷ್ಟು ಓಡಿಸಿದರೂ ಸುಡುವುದಿಲ್ಲ. ಪುಸ್ತಕದಲ್ಲಿ ಹೇಳಿದ ಕಡಿಮೆ ಬೂದಿಯ ಆಯಿಲ್ಲೇ ಬೇಕು. ದೂರದ ಓಟ ಮುಗಿಸಿ ಬಂದೊಡನೆ ಗಪ್ಪನೆ ಆರಿಸಬೇಡಿ. ಅರ್ಧ ನಿಮಿಷ ಚಾಲೂ ಇಟ್ಟರೆ ಟರ್ಬೊ ತಣಿಯುತ್ತದೆ.

ಹಿಡಿಯಬೇಕಾದದ್ದು: ಒಂದು, ಏರ್ ಫಿಲ್ಟರ್. ಹಿಂಗಾರಿ ಸುಗ್ಗಿ ಮುಗಿದ ಮೇಲೆ ನಮ್ಮ ದಾರಿಗಳಲ್ಲಿ ಏಳುವ ಧೂಳು ಹಿಟ್ಟಿಗಿಂತ ನುಣ್ಣಗಿರುತ್ತದೆ. ಪುಸ್ತಕದ ಲೆಕ್ಕಕ್ಕಿಂತ ಮುಂಚೆಯೇ ತೆಗೆದು ನೋಡಿ. ಎರಡು, ಮಳೆಗಾಲದಲ್ಲಿ ಚಕ್ರದ ಗೂಡಿನಲ್ಲಿ ಮೆತ್ತಿಕೊಂಡ ಎರಿಯನ್ನು ಒಣಗುವ ಮುಂಚೆ ತೊಳೆಯಿರಿ. ಒಣಗಿದ ಮೇಲೆ ಅದು ಗಚ್ಚಿನಂತೆ. ಮೂರು, ವಾರಕ್ಕೊಮ್ಮೆ ಆಯಿಲ್ ಕಡ್ಡಿ ಎಳೆದು ನೋಡಿ. ಆಯಿಲ್ ಕಡಿಮೆಯಾದರೆ ನಮ್ಮ ಜನ ಹೆದರುತ್ತಾರೆ. ಹೊಸ ಡೀಸೆಲ್ಲಿನಲ್ಲಿ ಅದು ಹೆಚ್ಚಾದರೂ ಹೆದರಬೇಕು. ಅರ್ಧಕ್ಕೆ ನಿಂತ ಸುಡುವಿಕೆಯ ಡೀಸೆಲ್ ಕೆಳಗಿಳಿದು ಆಯಿಲ್ಲಿನಲ್ಲಿ ಬೆರೆತಿದೆ ಎಂದರ್ಥ.

ಕಳೆದ ದೀಪಾವಳಿಗೆ ಪಕ್ಕದ ಮನೆಯ ಹುಡುಗ ಗಾಡಿ ಕೊಳ್ಳಬೇಕೆಂದು ಕೇಳಲು ಬಂದ. ಅವನಿಗೆ ಯಾವ ಗಾಡಿಯ ಹೆಸರನ್ನೂ ಹೇಳಲಿಲ್ಲ. ಒಂದು ನೋಟ್‌ಬುಕ್ ಕೊಟ್ಟು, "ಹದಿನೈದು ದಿನ ನಿಮ್ಮಪ್ಪನ ಹಳೇ ಗಾಡಿ ಚಾಲೂ ಮಾಡಿದಾಗೊಮ್ಮೆ ಬರಿ. ಎಲ್ಲಿಗೆ ಹೋದಿ, ಎಷ್ಟ್ ನಿಮಿಷ ಓಡಿತು, ಅಷ್ಟ" ಎಂದೆ. ತಂದು ತೋರಿಸಿದ. ನಲವತ್ತೊಂದು ಸಲ ಚಾಲೂ ಆಗಿತ್ತು. ಇಪ್ಪತ್ತು ನಿಮಿಷ ದಾಟಿ ಓಡಿದ್ದು ಮೂರೇ ಸಲ. ಅವನು ಸ್ವಲ್ಪ ಹೊತ್ತು ಆ ಹಾಳೆಯನ್ನೇ ನೋಡುತ್ತ ಕೂತ. ಆಮೇಲೆ ತಾನೇ ಅಂದ: "ಹಂಗಾರ ನನಗ ಪೆಟ್ರೋಲೇ ಸಾಕಲ್ರೀ ಕಾಕಾ."